ಜಗಲಿಯ ಮಾತು, ಜನಗಣತಿಯ ಸಾಲು

1965ರ ಒಂದು ಶನಿವಾರ. ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದ ಎದುರು ನಡೆದುಹೋಗುತ್ತಿದ್ದ ಅಲೆಕ್ಸ್ ಹೇಲಿ ಎಂಬ ಬರಹಗಾರರಿಗೆ ಏನನ್ನಿಸಿತೋ, ಮೆಟ್ಟಿಲು ಹತ್ತಿ ಒಳಗೆ ಹೋದರು. ಅಲ್ಲಿಗೇ ಹೋಗಬೇಕೆಂದು ಹೊರಟವರಲ್ಲ ಅವರು. ಮಾಲ್ಕಮ್ ಎಕ್ಸ್ ಅವರ ಆತ್ಮಕಥೆಯ ಬರವಣಿಗೆ ಮುಗಿದಿತ್ತು, ಮುಂದಿನ ಕೆಲಸ ಇನ್ನೂ ಗೊತ್ತಾಗಿರಲಿಲ್ಲ. ಒಳಗಿದ್ದವರನ್ನು ಅವರು ಕೇಳಿದ್ದು ಒಂದೇ ದಾಖಲೆ: ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ, 1870ರಲ್ಲಿ, ನಾರ್ತ್ ಕ್ಯಾರೊಲಿನಾದ ಅಲಮಾನ್ಸ್ ಕೌಂಟಿಯಲ್ಲಿ ನಡೆದ ಜನಗಣತಿ.

ಮೈಕ್ರೋಫಿಲ್ಮಿನ ಸುರುಳಿಗಳು ಬಂದವು. ಹೇಲಿ ಯಂತ್ರದ ಹಿಡಿ ತಿರುಗಿಸತೊಡಗಿದರು. ಹಳೆಯ ಕಾಲದ ಗುಮಾಸ್ತರ ಓರೆ ಅಕ್ಷರ, ಒಂದರ ಕೆಳಗೊಂದು ಹೆಸರು, ವಯಸ್ಸು, ಬಣ್ಣ, ಕಸುಬು. ಊರಿಗೆ ಊರೇ ಕಣ್ಣ ಮುಂದೆ ಸರಿದುಹೋಗುತ್ತಿತ್ತು, ಬೇಕಾದವರು ಮಾತ್ರ ಸಿಗಲಿಲ್ಲ. ಗಂಟೆಗಳು ಉರುಳಿ, ಕಣ್ಣು ಸೋತು, ಇನ್ನು ಸಾಕು ಎನ್ನುವ ಹೊತ್ತಿಗೆ ಒಂದು ಸಾಲು ಬಂತು. ಟಾಮ್ ಮರ್ರಿ, ಕರಿಯ, ಕಮ್ಮಾರ. ಅದರ ಕೆಳಗೆ ಅವನ ಹೆಂಡತಿ ಐರೀನ್. ಅದರ ಕೆಳಗೆ ಮಕ್ಕಳು. ಮಕ್ಕಳ ಸಾಲಿನಲ್ಲಿ ಎಲಿಜಬೆತ್, ವಯಸ್ಸು 6.

ಹೇಲಿ ಹಿಡಿ ತಿರುಗಿಸುವುದನ್ನು ನಿಲ್ಲಿಸಿದರು. ಆ ಆರು ವರ್ಷದ ಹುಡುಗಿ ಅವರಿಗೆ ಗೊತ್ತಿದ್ದವಳು. ಹಲ್ಲುದುರಿದ ಮುದುಕಿಯಾಗಿ ಆರಾಮಕುರ್ಚಿಯಲ್ಲಿ ತೂಗುತ್ತ ಕೂತಿದ್ದ ಲಿಜ್ ಅಜ್ಜಿ ಅವಳೇ. ಅವಳ ತಂಗಿ, ಹೇಲಿಯ ಸ್ವಂತ ಅಜ್ಜಿ ಸಿಂಥಿಯಾ, ಆ ಪಟ್ಟಿಯಲ್ಲಿ ಇರಲಿಲ್ಲ, ಇರುವ ಹಾಗೂ ಇರಲಿಲ್ಲ. 1870ರಲ್ಲಿ ಅವರಿನ್ನೂ ಹುಟ್ಟಿರಲಿಲ್ಲ.

ಅಜ್ಜಿಯ ಮನೆ ಇದ್ದದ್ದು ಟೆನೆಸಿಯ ಹೆನಿಂಗ್ ಎಂಬ ಸಣ್ಣ ಊರಿನಲ್ಲಿ. ಅಜ್ಜ ವಿಲ್ ಪಾಮರ್ ಮರದ ವ್ಯಾಪಾರ ಮಾಡಿ ಹೆಸರು ಗಳಿಸಿದವರು. 1926ರಲ್ಲಿ ಅಜ್ಜ ತೀರಿಕೊಂಡ ಮೇಲೆ ಮನೆ ಬಿಕೋ ಎನ್ನತೊಡಗಿತು. ಅಜ್ಜಿ ಬೇಸಿಗೆಯಲ್ಲಿ ಅಕ್ಕಂದಿರನ್ನೂ ನೆಂಟರ ಹೆಂಗಸರನ್ನೂ ಕರೆಸಿಕೊಳ್ಳುತ್ತಿದ್ದರು. ರಾತ್ರಿ ಊಟವಾಗಿ ಪಾತ್ರೆ ತೊಳೆದಾದ ಮೇಲೆ ಎಲ್ಲರೂ ಜಗಲಿಗೆ ಬಂದು ಕೂರುತ್ತಿದ್ದರು. ಕುರ್ಚಿಗಳು ತೂಗುತ್ತಿದ್ದಂತೆ ಮಾತು ಶುರುವಾಗುತ್ತಿತ್ತು. ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ಹೇಲಿಗೆ ಆಗ ಐದಾರು ವರ್ಷ. ಕುರ್ಚಿಯ ಹಿಂದೆ ನೆಲದ ಮೇಲೆ ಕೂತು ಕೇಳುತ್ತಿದ್ದ ಹುಡುಗನಿಗೆ ಅದು ಚರಿತ್ರೆ ಎಂದೇನೂ ಗೊತ್ತಿರಲಿಲ್ಲ.

ಆ ಕತೆಯ ತುದಿಯಲ್ಲಿ ಇದ್ದವನು ಒಬ್ಬ ಆಫ್ರಿಕದವನು. ಅವನ ಹೆಸರು ಕಿನ್‌ಟೇ. ತಮಟೆ ಮಾಡಿಕೊಳ್ಳಲು ಮರ ಕಡಿಯಹೋದಾಗ ನಾಲ್ವರು ಅವನನ್ನು ಹಿಡಿದರು. ಹಡಗು ಅವನನ್ನು ನ್ಯಾಪ್ಲಿಸ್ ಎಂಬಲ್ಲಿ ಇಳಿಸಿತು. ವರ್ಜಿನಿಯಾದ ಸ್ಪಾಟ್ಸಿಲ್ವೇನಿಯಾ ಕೌಂಟಿಯ ಜಾನ್ ವಾಲರ್ ಅವನನ್ನು ಕೊಂಡು ಟೋಬಿ ಎಂದು ಹೆಸರಿಟ್ಟ. ಆ ಹೆಸರಿಗೆ ಅವನು ಓಗೊಡಲು ಒಪ್ಪಲಿಲ್ಲ. ನಾಲ್ಕು ಸಲ ಓಡಿಹೋದ. ನಾಲ್ಕನೆಯ ಸಲ ಹಿಡಿದವರು ಅವನ ಪಾದ ಕತ್ತರಿಸಿದರು. ಆಮೇಲೆ ವಾಲರನ ತಮ್ಮ, ವೈದ್ಯ ವಿಲಿಯಂ ವಾಲರ್, ಅವನನ್ನು ತನ್ನ ಬಳಿ ಇಟ್ಟುಕೊಂಡ. ಅವನಿಗೆ ಕಿಜ್ಜಿ ಎಂಬ ಮಗಳು ಹುಟ್ಟಿದಳು. ತಂದೆ ಮಗಳಿಗೆ ಕೈತೋರಿಸಿ ತೋರಿಸಿ ತನ್ನ ಭಾಷೆ ಕಲಿಸಿದ. ತಂತಿವಾದ್ಯಕ್ಕೆ ಕೋ ಎಂದ. ಹತ್ತಿರ ಹರಿಯುತ್ತಿದ್ದ ಹೊಳೆಗೆ ಕ್ಯಾಂಬಿ ಬೊಲೊಂಗೊ ಎಂದ.

ಕಿಜ್ಜಿಯನ್ನು ಹದಿನಾರರ ವಯಸ್ಸಿಗೆ ನಾರ್ತ್ ಕ್ಯಾರೊಲಿನಾದ ಟಾಮ್ ಲೀ ಎಂಬುವನಿಗೆ ಮಾರಿದರು. ಅವಳ ಮಗ ಜಾರ್ಜ್ ಕಾಳಗದ ಹುಂಜ ಸಾಕುವುದರಲ್ಲಿ ಗಟ್ಟಿಗನಾಗಿ ಚಿಕನ್ ಜಾರ್ಜ್ ಎನಿಸಿಕೊಂಡ. ಜಾರ್ಜನ ಮಗ ಕಮ್ಮಾರ ಟಾಮ್. ಟಾಮನ ಕೊನೆಯ ಮಗಳು ಸಿಂಥಿಯಾ. ಪ್ರತಿ ತಲೆಮಾರಿನಲ್ಲೂ ಮಗು ಹುಟ್ಟಿದಾಗ ಮನೆಯವರೆಲ್ಲ ಸೇರಿ ಆಫ್ರಿಕದವನಿಂದ ಹಿಡಿದು ಇಡೀ ಕತೆಯನ್ನು ಹೇಳುತ್ತಿದ್ದರಂತೆ. ಓದುಬರಹ ಕಲಿತರೆ ಶಿಕ್ಷೆಯಾಗುತ್ತಿದ್ದ ಜನಕ್ಕೆ ಹೆತ್ತವರ ಗುರುತು ಉಳಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ.

ಈಗ ಆ ಮಾತಿನ ಕೊನೆಯ ಕೊಂಡಿ ಸರಕಾರಿ ಕಾಗದದಲ್ಲಿ ಕಣ್ಣೆದುರು ಇತ್ತು. ಒಂದು ಕೊಂಡಿ ನಿಜವಾದರೆ ಉಳಿದವೂ ನಿಜವಾಗಿರಬೇಕಲ್ಲ? ಈ ಪ್ರಶ್ನೆ ಹೇಲಿಯನ್ನು ಹಿಡಿದುಕೊಂಡಿತು, ಹನ್ನೆರಡು ವರ್ಷ ಬಿಡಲಿಲ್ಲ.

ಅದೇ ಕಾಲದಲ್ಲಿ ಲಂಡನ್ನಿಗೆ ಹೋಗಿದ್ದ ಅವರು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೊಸೆಟ್ಟಾ ಶಿಲೆಯ ಮುಂದೆ ನಿಂತರು. ಗೊತ್ತಿದ್ದ ಗ್ರೀಕ್ ಲಿಪಿಯ ಬಲದಿಂದ ಗೊತ್ತಿಲ್ಲದ ಈಜಿಪ್ಟಿನ ಲಿಪಿಯನ್ನು ಓದಿದ್ದ ಕಲ್ಲು ಅದು. ತನ್ನ ಬಳಿಯೂ ಅರ್ಥವಾಗದ ಮೂರು ನಾಲ್ಕು ಶಬ್ದಗಳಿವೆ, ಅವನ್ನು ಬಲ್ಲವರು ಎಲ್ಲೋ ಇದ್ದೇ ಇರಬೇಕು ಎಂದು ಹೇಲಿಗೆ ಹೊಳೆಯಿತು. ಊರಿಗೆ ಮರಳಿದವರೇ ಕ್ಯಾನ್ಸಸ್ ಸಿಟಿಗೆ ಓಡಿದರು. ಜಗಲಿಯಲ್ಲಿ ಕೂರುತ್ತಿದ್ದವರಲ್ಲಿ ಜಾರ್ಜಿಯಾ ಒಬ್ಬರೇ ಬದುಕಿದ್ದರು. ಎಂಬತ್ತು ದಾಟಿ ಹಾಸಿಗೆ ಹಿಡಿದಿದ್ದ ಆ ಹೆಂಗಸು ವಿಷಯ ಕೇಳಿದ್ದೇ ಎದ್ದು ಕೂತರು. ಕಿನ್‌ಟೇ, ಕೋ, ಕ್ಯಾಂಬಿ ಬೊಲೊಂಗೊ, ಒಂದೂ ತಪ್ಪದೆ ಎಲ್ಲ ಅವರ ಬಾಯಲ್ಲಿ ಇತ್ತು. ಹುಡುಕು, ನಿನ್ನ ಅಜ್ಜಿ ಮೇಲಿನಿಂದ ನೋಡುತ್ತಿದ್ದಾಳೆ ಎಂದು ಬೆನ್ನು ತಟ್ಟಿ ಕಳಿಸಿದರು.

ಹುಡುಕುವುದಾದರೂ ಎಲ್ಲಿ? ಆಫ್ರಿಕದಲ್ಲಿ ನೂರಾರು ಭಾಷೆಗಳಿವೆ. ಹೇಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡಕ್ಕೆ ಹೋಗಿ, ಕೆಲಸ ಮುಗಿಸಿ ಹೊರಬರುತ್ತಿದ್ದ ಆಫ್ರಿಕನ್ನರನ್ನು ತಡೆದು ನಿಲ್ಲಿಸಿ ಆ ಶಬ್ದಗಳನ್ನು ಒಪ್ಪಿಸತೊಡಗಿದರು. ಟೆನೆಸಿಯ ಉಚ್ಚಾರದಲ್ಲಿ ತಮ್ಮ ಖಂಡದ ಮಾತು ಹೇಳುವ ಈ ಮನುಷ್ಯನನ್ನು ಜನ ಒಂದು ಗಳಿಗೆ ನೋಡಿ ಮುಂದಕ್ಕೆ ಹೋದರು. ಯಾರಿಗೂ ಏನೂ ತಿಳಿಯಲಿಲ್ಲ.

ಕೊನೆಗೆ ಸಿಕ್ಕವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಯಾನ್ ವಾನ್ಸಿನಾ. ಬಾಯಿಂದ ಬಾಯಿಗೆ ಬಂದ ಕತೆಯನ್ನು ಚರಿತ್ರೆಯ ಆಕರವಾಗಿ ಹೇಗೆ ಓದಬೇಕು ಎಂಬುದನ್ನೇ ಜೀವನದ ವ್ಯಾಸಂಗ ಮಾಡಿಕೊಂಡಿದ್ದ ವಿದ್ವಾಂಸ. ಹೇಲಿ ಅವರ ಮನೆಯ ಕೋಣೆಯಲ್ಲಿ ಕೂತು ಕೇಳಿದ್ದನ್ನೆಲ್ಲ ಹೇಳಿದರು. ವಾನ್ಸಿನಾ ನಡುನಡುವೆ ಪ್ರಶ್ನೆ ಹಾಕುತ್ತ ಹೋದರು. ರಾತ್ರಿ ಬಹಳವಾಯಿತು, ಹೇಲಿ ಅಲ್ಲಿಯೇ ಉಳಿದರು. ಬೆಳಗ್ಗೆ ವಾನ್ಸಿನಾ ಅವರ ಮುಖ ಗಂಭೀರವಾಗಿತ್ತು. ಅಷ್ಟರಲ್ಲಿ ಅವರು ಇನ್ನೊಬ್ಬ ಆಫ್ರಿಕ ತಜ್ಞ ಫಿಲಿಪ್ ಕರ್ಟಿನ್ ಅವರ ಜೊತೆ ಮಾತಾಡಿದ್ದರು. ಭಾಷೆ ಮಂಡಿಂಕಾ ಇರಬೇಕೆಂದು ಇಬ್ಬರಿಗೂ ತೋರಿತ್ತು. ಕೋ ಎಂದರೆ ದೊಡ್ಡ ಸೋರೆ ಬುರುಡೆಗೆ ತಂತಿ ಬಿಗಿದು ಮಾಡುವ ಕೋರಾ ವಾದ್ಯ ಇರಬಹುದು. ಬೊಲೊಂಗೊ ಎಂದರೆ ಹರಿಯುವ ದೊಡ್ಡ ನೀರು. ಹಾಗಾದರೆ ಕ್ಯಾಂಬಿ ಬೊಲೊಂಗೊ ಎಂದರೆ ಗ್ಯಾಂಬಿಯಾ ನದಿ.

ಆ ಹೆಸರಿನ ದೇಶವೊಂದಿದೆ ಎಂಬುದೇ ಹೇಲಿಗೆ ಸರಿಯಾಗಿ ತಿಳಿದಿರಲಿಲ್ಲ. ಇಲ್ಲಿ ಅದೃಷ್ಟ ಕೈಹಿಡಿಯಿತು. ನ್ಯೂಯಾರ್ಕ್ ರಾಜ್ಯದ ಹ್ಯಾಮಿಲ್ಟನ್ ಕಾಲೇಜಿನಲ್ಲಿ ಗ್ಯಾಂಬಿಯಾದ ಹುಡುಗನೊಬ್ಬ ಓದುತ್ತಿದ್ದ. ಅವನ ಜೊತೆಗೇ ಹೇಲಿ ರಾಜಧಾನಿ ಬ್ಯಾಥರ್ಸ್ಟ್‌ನಲ್ಲಿ ಇಳಿದರು. ಇಂದಿನ ಬಂಜುಲ್ ಅದು. ಅಲ್ಲಿನ ಹಿರಿಯರು ಕತೆಯನ್ನು ಗಮನವಿಟ್ಟು ಕೇಳಿದರು, ಆದರೆ ಅವರನ್ನು ಹಿಡಿದು ನಿಲ್ಲಿಸಿದ್ದು ಕಿನ್‌ಟೇ ಎಂಬ ಹೆಸರು. ನಕ್ಷೆ ತೆಗೆದು ಕಿಂಟೆ ಮನೆತನದ ಹೆಸರು ಹೊತ್ತ ಹಳ್ಳಿಗಳನ್ನು ತೋರಿಸಿದರು. ಒಳನಾಡಿನಲ್ಲಿ ಗ್ರಿಯೋ ಎಂಬ ಕತೆಗಾರರು ಇದ್ದಾರೆ, ಮನೆತನಗಳ ಶತಮಾನಗಳ ವೃತ್ತಾಂತ ಅವರಿಗೆ ಕಂಠಪಾಠ, ತಕ್ಕವರನ್ನು ಹುಡುಕಿಸುತ್ತೇವೆ ಎಂದರು. ಹೇಲಿ ಮರಳಿ ಕಾದರು. ಕಾಗದ ಬಂತು.

1967ರಲ್ಲಿ ಮತ್ತೆ ಹೊರಟರು. ದೋಣಿ, ದುಭಾಷಿಗಳು, ವಾದ್ಯದವರು, ಸಾಲದ ಹಣ. ನದಿಯ ದಡದ ಜುಫುರೆ ಎಂಬ ಹಳ್ಳಿಯಲ್ಲಿ ಕೆಬ್ಬಾ ಕಾಂಜಿ ಫೊಫಾನಾ ಎಂಬ ಮುದುಕರು ಕಾದಿದ್ದರು. ಊರಿಗೆ ಊರೇ ಹೇಲಿಯನ್ನು ಸುತ್ತುವರಿದು ನೋಡಿತು. ಮುದುಕರು ಮೈ ಬಿಗಿದು ಕೂತು ಕಿಂಟೆ ಕುಲದ ವೃತ್ತಾಂತ ಶುರುಮಾಡಿದರು. ಯಾರು ಯಾರನ್ನು ಮದುವೆಯಾದ, ಯಾರಿಗೆ ಯಾವ ಮಕ್ಕಳು ಹುಟ್ಟಿದರು, ತಲೆಮಾರಿನ ಮೇಲೆ ತಲೆಮಾರು. ದುಭಾಷಿ ಒಂದೊಂದೇ ತುಂಡನ್ನು ಇಂಗ್ಲಿಷಿಗೆ ತರುತ್ತಿದ್ದ. ಎರಡು ತಾಸು ಕಳೆದಿರಬಹುದು. ಒಮೊರೊ ಎಂಬವನಿಗೆ ಬಿಂಟಾಳಲ್ಲಿ ನಾಲ್ಕು ಗಂಡುಮಕ್ಕಳಾದರು. ರಾಜನ ಸೈನಿಕರು ಬಂದ ಕಾಲಕ್ಕೆ ಹಿರಿಯವನಾದ ಕುಂಟಾ ಮರ ಕಡಿಯಲು ಹೋದವನು ಮತ್ತೆ ಕಾಣಿಸಲಿಲ್ಲ ಎಂದರು ಮುದುಕರು.

ಹೇಲಿ ಕಲ್ಲಾಗಿ ಕೂತರು. ನಡುಗುವ ಕೈಯಿಂದ ಚೀಲದಲ್ಲಿದ್ದ ಟಿಪ್ಪಣಿ ಪುಸ್ತಕ ತೆಗೆದು ದುಭಾಷಿಗೆ ತೋರಿಸಿದರು. ಹೆನಿಂಗ್‌ನ ಜಗಲಿಯಲ್ಲಿ ಕೇಳಿದ ಅದೇ ಮಾತು ಅದರಲ್ಲಿ ಬರೆದಿತ್ತು. ದುಭಾಷಿ ಚಕಿತನಾಗಿ ಮುದುಕರಿಗೆ ಹೇಳಿದ, ಮುದುಕರು ಊರಿಗೆ ಹೇಳಿದರು. ಜನ ಹೇಲಿಯ ಸುತ್ತ ವೃತ್ತ ಕಟ್ಟಿ ಹಾಡುತ್ತ ತಿರುಗಿದರು. ತಾಯಂದಿರು ಒಬ್ಬೊಬ್ಬರಾಗಿ ವೃತ್ತದಿಂದ ಹೊರಬಂದು ತಮ್ಮ ಕೂಸುಗಳನ್ನು ಅವರ ತೋಳಿಗೆ ಒಪ್ಪಿಸಿ ಮತ್ತೆ ಎತ್ತಿಕೊಂಡರು. ಮರಳುವ ದಾರಿಯಲ್ಲಿ ಹಳ್ಳಿಯ ಜನ ಮಿಸ್ಟರ್ ಕಿಂಟೆ ಎಂದು ಕೂಗಿದಾಗ ನಡುವಯಸ್ಸಿನ ಆ ಗಂಡಸು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಇನ್ನು ಬೇಕಾದದ್ದು ಹಡಗು. ರಾಜನ ಸೈನಿಕರು ಎಂಬ ಮಾತಿನ ಜಾಡು ಹಿಡಿದು ಹೇಲಿ ಲಂಡನ್ನಿನ ದಾಖಲೆಗಳಿಗೆ ಇಳಿದರು. ನದಿಯಲ್ಲಿದ್ದ ಜೇಮ್ಸ್ ಕೋಟೆಯ ಕಾವಲಿಗೆ ಬ್ರಿಟನ್ ಕಳಿಸಿದ ಪಡೆಯೇ ಅದು ಎಂದು ತೀರ್ಮಾನಿಸಿ 1767ರ ಸುಮಾರಿನ ಗುಲಾಮ ಹಡಗುಗಳ ಪಟ್ಟಿಗಳನ್ನು ತಿರುವಿದರು. ಯಾವ ಹಡಗು, ಎಷ್ಟು ದಂತ, ಎಷ್ಟು ಜೇನುಮೇಣ, ಎಷ್ಟು ಮನುಷ್ಯರು, ಎಲ್ಲಕ್ಕೂ ಒಂದೇ ಬಗೆಯ ಲೆಕ್ಕ. ಆ ಲೆಕ್ಕಗಳನ್ನು ಓದುತ್ತ ಓದುತ್ತ ಅವರ ಮನಸ್ಸು ಕುಗ್ಗಿತು. ಏಳನೇ ವಾರದ ಒಂದು ಮಧ್ಯಾಹ್ನ ಲಾರ್ಡ್ ಲಿಗೊನಿಯರ್ ಎಂಬ ಹಡಗು ಕಣ್ಣಿಗೆ ಬಿತ್ತು. 1767ರ ಜುಲೈ 5ರಂದು ಗ್ಯಾಂಬಿಯಾ ನದಿಯಿಂದ 140 ಗುಲಾಮರನ್ನು ಹೇರಿಕೊಂಡು ಅನಾಪೊಲಿಸ್‌ಗೆ ಹೊರಟದ್ದು. ಅಜ್ಜಿಯರ ಬಾಯಲ್ಲಿ ನ್ಯಾಪ್ಲಿಸ್ ಆಗಿದ್ದ ಊರು ಅದು. ಸೆಪ್ಟೆಂಬರ್ 29ಕ್ಕೆ ಹಡಗು ಬಂದರು ಸೇರಿದಾಗ ಜೀವಂತ ಉಳಿದವರು 98. ಅಕ್ಟೋಬರ್ 1ರ ಮೇರಿಲ್ಯಾಂಡ್ ಗೆಜೆಟ್‌ನಲ್ಲಿ ಅವರ ಮಾರಾಟದ ಜಾಹೀರಾತು ಇತ್ತು.

ವರ್ಜಿನಿಯಾದಲ್ಲಿ ಇನ್ನೊಂದು ಕಾಗದ ಸಿಕ್ಕಿತು. 1768ರ ಸೆಪ್ಟೆಂಬರ್ 5ರ ಪತ್ರ. ಜಾನ್ ವಾಲರ್ ತನ್ನ ತಮ್ಮ ವಿಲಿಯಂಗೆ ಜಮೀನು ಬರೆದುಕೊಟ್ಟಿದ್ದ, ಜೊತೆಗೆ ಟೋಬಿ ಎಂಬ ಒಬ್ಬ ಗುಲಾಮನನ್ನೂ. ಕೊಂಡಿಗೆ ಕೊಂಡಿ ಕೂಡಿತು ಎಂದು ಹೇಲಿ ನಿಟ್ಟುಸಿರು ಬಿಟ್ಟರು.

ಬರವಣಿಗೆ ಅದಕ್ಕಿಂತ ಕಷ್ಟವಾಯಿತು. ಹಡಗಿನ ತಳದಲ್ಲಿ ಸಂಕೋಲೆ ತೊಟ್ಟು ಮಲಗಿದ್ದವನ ಯಾತನೆ ಲೇಖನಿಗೆ ಸಿಗಲಿಲ್ಲ. ಹೇಲಿ ಆಫ್ರಿಕದಿಂದ ಅಮೆರಿಕಕ್ಕೆ ಹೊರಟ ಸರಕು ಹಡಗೊಂದನ್ನು ಹತ್ತಿದರು. ರಾತ್ರಿ ಊಟವಾದ ಮೇಲೆ ಬಟ್ಟೆ ಕಳಚಿ ಒಳಚಡ್ಡಿಯಲ್ಲಿ ಕತ್ತಲ ಸರಕುಕೋಣೆಗೆ ಇಳಿದು ಒರಟು ಹಲಗೆಯ ಮೇಲೆ ಬೆನ್ನು ಹಾಕಿ ಮಲಗುತ್ತಿದ್ದರು. ಚಳಿ, ಕತ್ತಲೆ, ಹಡಗಿನ ಕಿರುಗುಟ್ಟುವಿಕೆ. ಪ್ರಕಾಶಕರಿಗೆ ಕೊಟ್ಟ ಗಡುವು ಮೀರಿತ್ತು, ಸಾಲ ಬೆಳೆದಿತ್ತು. ಒಂದು ರಾತ್ರಿ ಹಡಗಿನ ಹಿಂಬದಿಯಲ್ಲಿ ನಿಂತು ನೀರಿಗೆ ಹಾರಿಬಿಡೋಣ ಎನ್ನಿಸಿತ್ತು. ಅಜ್ಜಿಯ, ಕಿಜ್ಜಿಯ, ಚಿಕನ್ ಜಾರ್ಜನ ದನಿಗಳು ಹಿಂದಿನಿಂದ ತಡೆದವು ಎಂದು ಅವರು ಮುಂದೆ ಹೇಳಿಕೊಂಡರು.

1976ರಲ್ಲಿ ರೂಟ್ಸ್ ಎಂಬ ಹೆಸರಿನಲ್ಲಿ ಪುಸ್ತಕ ಹೊರಬಂತು. 1977ರ ಜನವರಿಯಲ್ಲಿ ಅದರ ಟಿವಿ ರೂಪ ಎಂಟು ರಾತ್ರಿ ಪ್ರಸಾರವಾದಾಗ ಸುಮಾರು 13 ಕೋಟಿ ಅಮೆರಿಕನ್ನರು ನೋಡಿದರು. ಹೇಲಿಗೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಅದಕ್ಕಿಂತ ದೊಡ್ಡದು ಮನೆಮನೆಗಳಲ್ಲಿ ನಡೆಯಿತು. ಗುಲಾಮರ ಮೊಮ್ಮಕ್ಕಳಾದ ಮುದುಕರು ನಾಚಿಕೆಯಿಂದ ಮುಚ್ಚಿಟ್ಟಿದ್ದ ಮಾತುಗಳನ್ನು ತೆರೆದರು, ಬಿಳಿಯರು ಕರಿಯರೆನ್ನದೆ ಜನ ಪತ್ರಾಗಾರಗಳ ಬಾಗಿಲು ತಟ್ಟಿದರು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಅದೇ 1977ರ ಏಪ್ರಿಲ್‌ನಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆಯ ಮಾರ್ಕ್ ಒಟ್ಟವೇ ಗ್ಯಾಂಬಿಯಾದಿಂದ ವರದಿ ಬರೆದರು. ಫೊಫಾನಾ ಪರಂಪರೆಯಿಂದ ಬಂದ ಗ್ರಿಯೋ ಅಲ್ಲ ಎಂಬುದು ಅವರು ಕಂಡುಕೊಂಡ ಸಂಗತಿ. ಹೇಲಿ ಮೊದಲ ಸಲ ಬಂದಾಗಲೇ ತಮ್ಮ ಕತೆಯನ್ನು ರಾಜಧಾನಿಯಲ್ಲಿ ಹೇಳಿದ್ದರು, ಅದನ್ನು ಹೇಳಿಯೇ ಕತೆಗಾರನನ್ನು ಹುಡುಕಿಸಿದ್ದರು. ಕೇಳುವವರಿಗೆ ಏನು ಬೇಕು ಎಂಬುದು ಹೇಳುವವರಿಗೆ ತಿಳಿದುಹೋಗಿತ್ತು. ಇತ್ತ ಕಾದಂಬರಿಕಾರ ಹೆರಾಲ್ಡ್ ಕೂರ್ಲ್ಯಾಂಡರ್, ತಮ್ಮ ಪುಸ್ತಕದ ಭಾಗಗಳನ್ನು ಹೇಲಿ ಬಳಸಿಕೊಂಡಿದ್ದಾರೆಂದು ಮೊಕದ್ದಮೆ ಹೂಡಿದರು. 1978ರಲ್ಲಿ ಹೇಲಿ 6,50,000 ಡಾಲರ್ ಕೊಟ್ಟು ರಾಜಿಯಾದರು.

ದೊಡ್ಡ ಪೆಟ್ಟು ಬಿದ್ದದ್ದು ವರ್ಜಿನಿಯಾದ ಕಾಗದಗಳಿಂದಲೇ. ಗ್ಯಾರಿ ಮಿಲ್ಸ್ ಎಂಬ ಇತಿಹಾಸಕಾರರೂ ಅವರ ಪತ್ನಿ, ವಂಶಾವಳಿ ತಜ್ಞೆ ಎಲಿಜಬೆತ್ ಶೋನ್ ಮಿಲ್ಸ್ ಅವರೂ ವಾಲರ್ ಮನೆತನದ ದಾಖಲೆಗಳನ್ನು ಒಂದೊಂದಾಗಿ ಓದಿ 1981ರಲ್ಲಿ ಪ್ರಕಟಿಸಿದರು. ಟೋಬಿ ಎಂಬ ಗುಲಾಮ ವಾಲರ್ ಮನೆಯಲ್ಲಿ ಇದ್ದದ್ದು ನಿಜ. ಆದರೆ 1762ರಲ್ಲೇ ಇದ್ದ, ಲಾರ್ಡ್ ಲಿಗೊನಿಯರ್ ಬರುವುದಕ್ಕೆ ಐದು ವರ್ಷ ಮೊದಲೇ. ಹಡಗಿನಿಂದ ಇಳಿದ ಕುಂಟಾ ಮತ್ತು ವಾಲರನ ಟೋಬಿ ಒಬ್ಬನೇ ಆಗಿರಲು ಸಾಧ್ಯವಿರಲಿಲ್ಲ.

ಹಾಗಾದರೆ ಹನ್ನೆರಡು ವರ್ಷದ ಬೆವರಿನಿಂದ ಸಿಕ್ಕಿದ್ದೇನು? ಅದಕ್ಕೆ ಉತ್ತರ ಇರುವುದು ಅಮೆರಿಕದ ಜನಗಣತಿಯಲ್ಲೇ. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗೆ ಪ್ರತ್ಯೇಕ ಪಟ್ಟಿ ಇತ್ತು. ಒಡೆಯನ ಹೆಸರಿನ ಕೆಳಗೆ ಅವರ ವಯಸ್ಸು, ಲಿಂಗ, ಬಣ್ಣ ಮಾತ್ರ ಬರೆಯುತ್ತಿದ್ದರು, ಹೆಸರು ಬರೆಯುತ್ತಿರಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದವರೆಲ್ಲ ಹೆಸರು ಹೊತ್ತು ಗಣತಿಗೆ ಬಂದದ್ದು 1870ರಲ್ಲಿ, ಮೊದಲ ಸಲ. ಅದಕ್ಕಿಂತ ಹಿಂದೆ ಒಬ್ಬ ಗುಲಾಮನನ್ನು ಹುಡುಕಬೇಕಾದರೆ ಅವನ ಒಡೆಯನ ಉಯಿಲು, ಆಸ್ತಿಪಟ್ಟಿ, ಕ್ರಯಪತ್ರ, ತೆರಿಗೆ ಲೆಕ್ಕಗಳನ್ನು ನೋಡಬೇಕು. ಅದಕ್ಕೆ ಮೊದಲು ಒಡೆಯ ಯಾರೆಂದು ಗೊತ್ತಿರಬೇಕು. ಜಗಲಿಯ ಹೆಂಗಸರು ಕಾಪಾಡಿಕೊಂಡು ಬಂದದ್ದು ಇದನ್ನೇ. ಮರ್ರಿ, ಲೀ, ವಾಲರ್ ಎಂಬ ಹೆಸರುಗಳು ಅವರ ಬಾಯಲ್ಲಿ ಉಳಿದಿದ್ದವು. ಸ್ಪಾಟ್ಸಿಲ್ವೇನಿಯಾದಲ್ಲಿ ಆ ವಾಲರರು ಇದ್ದರು, ಅವರ ಬಳಿ ಟೋಬಿಯೂ ಇದ್ದ. ನೆನಪು ಹೆಸರನ್ನು ಉಳಿಸಿತ್ತು, ಇಸವಿಯನ್ನು ಕಳೆದುಕೊಂಡಿತ್ತು. ಇಸವಿ ಇಲ್ಲದ ಜಾಗಕ್ಕೆ ಹೇಲಿ ಜುಫುರೆಯ ಮಾತನ್ನೂ ಒಂದು ಹಡಗನ್ನೂ ತಂದು ಕೂಡಿಸಿದರು, ಒಡೆದದ್ದು ಆ ಬೆಸುಗೆ. ಕಮ್ಮಾರ ಟಾಮ್, ಐರೀನ್, ಆರು ವರ್ಷದ ಎಲಿಜಬೆತ್ ಇರುವ ಸಾಲು ಅಂದೂ ಗಟ್ಟಿಯಾಗಿತ್ತು, ಇಂದೂ ಗಟ್ಟಿಯಾಗಿದೆ.

ಈಗ ಅಮೆರಿಕದ ಕಪ್ಪು ಕುಟುಂಬಗಳು ಹುಡುಕುವ ಕ್ರಮ ಇದೇ: ಮನೆಯ ಹಿರಿಯರಿಂದ ಹೆಸರು, 1870ರ ಗಣತಿಯಿಂದ ಊರು, ಅಲ್ಲಿಂದ ಒಡೆಯನ ಕಾಗದ. ಬಿಡುಗಡೆಯಾದ ಗುಲಾಮರ ನೆರವಿಗೆ 1865ರಲ್ಲಿ ಹುಟ್ಟಿದ ಫ್ರೀಡ್‌ಮೆನ್ಸ್ ಬ್ಯೂರೋ ಕಚೇರಿಯ ದಾಖಲೆಗಳಿಂದ ಸಾವಿರಾರು ಸ್ವಯಂಸೇವಕರು ಕೂತು ಹೆಸರುಗಳನ್ನು ಆರಿಸಿ ಬರೆದರು. 2016ರಲ್ಲಿ ಆ ಕೆಲಸ ಮುಗಿದಾಗ ಸುಮಾರು 18 ಲಕ್ಷ ಹೆಸರುಗಳು ಹುಡುಕುವವರ ಕೈಗೆ ಸಿಕ್ಕಿದ್ದವು.